ಹೊಸದು ತಗೊಳ್ಳಿ ಸಾರ್

ಜನವರಿಯ ಒಂದು ಬುಧವಾರ. ರಾತ್ರಿ ಹತ್ತೂವರೆಯ ಕಾಲ್ ಮುಗಿಸಿ, ಲ್ಯಾಪ್‌ಟಾಪ್ ಮುಚ್ಚಿ ಪಕ್ಕಕ್ಕೆ ನೋಡ್ತೀನಿ, ಮೀನು ಬೌಲಿನ ತಳದಲ್ಲಿ ಒಂದು ಮಗ್ಗುಲಿಗೆ ವಾಲಿಕೊಂಡು ಬಿದ್ದಿತ್ತು. ಸತ್ತೇ ಹೋಯ್ತು ಅಂದುಕೊಂಡೆ. ಗಾಜಿಗೆ ಬೆರಳು ತಾಗಿಸಿದೆ. ಕಷ್ಟಪಟ್ಟು ಮೇಲಕ್ಕೆ ಬಂತು, ಒಂದು ಗುಟುಕು ಗಾಳಿ ಎಳೆದುಕೊಂಡಿತು, ಮತ್ತೆ ಕಲ್ಲಿನ ಹಾಗೆ ಕೆಳಗೆ ಹೋಯ್ತು.

ಮಾರನೇ ದಿನ ಬೆಳಿಗ್ಗೆ ಅಂಗಡಿ ತೆರೆಯೋ ಹೊತ್ತಿಗೇ ಫೋನ್ ಮಾಡಿದೆ. ಅಂಗಡಿಯವನು ಒಳ್ಳೆಯ ಮನುಷ್ಯ. ಪೂರ್ತಿ ಕೇಳಿಸಿಕೊಂಡ. ಆಮೇಲೆ ಸಮಾಧಾನ ಮಾಡೋ ಧ್ವನಿಯಲ್ಲೇ ಹೇಳಿದ: "ಅದಕ್ಕೆ ಯಾಕೆ ತಲೆ ಕೆಡಿಸ್ಕೊಳ್ತೀರ? ಇನ್ನೂರು ರೂಪಾಯಿ ಮೀನು. ಹೊಸದು ತಗೊಳ್ಳಿ ಸಾರ್."

ಆ ಮಾತಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಲೆಕ್ಕ ಹಾಕಿದರೆ ಸರಿಯಾದ ಸಲಹೆಯೇ. ನನ್ನ ಚಾರ್ಜರ್ ಕೆಟ್ಟಾಗ ನಾನೂ ರಿಪೇರಿ ಮಾಡಿಸಲ್ಲ, ಹೊಸದು ತಗೋತೀನಿ. ಆದರೂ ಫೋನ್ ಇಟ್ಟ ಮೇಲೆ ಏನೋ ಕಿರಿಕಿರಿ. ಮುಂದಿನ ಮೂರು ವಾರ ಆ ಮೀನಿನ ಜೊತೆ ಕಳೆಯುವಾಗ, ಆಮೇಲೂ, ಆ ಒಂದು ಮಾತಿಗೆ ಉತ್ತರ ಹುಡುಕ್ತಾನೇ ಇದ್ದೆ. ಅಗ್ಗದ ಜೀವಕ್ಕೆ ದುಬಾರಿ ಆರೈಕೆ ಮಾಡೋದು ದಯೆಯಾ, ಹುಚ್ಚಾ, ಅಥವಾ ನಮ್ಮನ್ನೇ ನಾವು ಒಳ್ಳೆಯವರು ಅಂತ ನಂಬಿಸಿಕೊಳ್ಳೋ ಉಪಾಯವಾ?

ಮೊದಲು ಮೀನಿನ ವಿಷಯ ಹೇಳಿಬಿಡ್ತೀನಿ. ಅದು ಬೆಟ್ಟಾ. ಎರಡು ಇಂಚಿನ ಮೀನಿಗೆ ಬೆಟ್ಟ ಅಂತ ಹೆಸರು ಇರೋದು ಕನ್ನಡದವರಿಗೆ ಮಾತ್ರ ತಮಾಷೆ. ಕಡು ನೀಲಿ ಮೈ, ಅಂಚಿನಲ್ಲಿ ಕೆಂಪು, ರೇಷ್ಮೆ ಸೀರೆಯ ಸೆರಗಿನ ಹಾಗೆ ಇಳಿಬಿದ್ದ ಬಾಲ. ಅಂಗಡಿಯಲ್ಲಿ ಜ್ಯೂಸ್ ಕೊಡೋ ಪ್ಲಾಸ್ಟಿಕ್ ಲೋಟಗಳ ಸಾಲಿನಲ್ಲಿ ಒಂದೊಂದು ಲೋಟಕ್ಕೆ ಒಂದೊಂದು ಮೀನು. ಗಂಡುಗಳನ್ನು ಒಟ್ಟಿಗೆ ಬಿಟ್ಟರೆ ಕಚ್ಚಾಡಿಕೊಳ್ತವೆ, ಅದಕ್ಕೇ ಹೀಗೆ. ನಾನು ಮೇಜಿನ ಮೇಲೆ ಇಡೋಕೆ ಏನಾದರೂ ಚೆಂದದ್ದು ಬೇಕು ಅಂತ ಹೋದವನು. ನಾಯಿ ಸಾಕೋಕೆ ಓನರ್ ಬಿಡಲ್ಲ, ಗಿಡ ನನ್ನ ಕೈಲಿ ಬದುಕಲ್ಲ. "ಇದಕ್ಕೆ ಏನೂ ಬೇಡ ಸಾರ್. ಫಿಲ್ಟರ್ ಬೇಡ, ಪಂಪ್ ಬೇಡ, ದಿನಕ್ಕೆ ನಾಲ್ಕು ಕಾಳು ಹಾಕಿದರೆ ಸಾಕು. ಎಂಥ ನೀರಲ್ಲೂ ಅಡ್ಜಸ್ಟ್ ಆಗುತ್ತೆ" ಅಂದ. ಈ ಊರಿನಲ್ಲಿ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಉಂಟಾ? ಎರಡು ಲೀಟರಿನ ಗಾಜಿನ ಬೌಲ್, ಒಂದು ಹಿಡಿ ಬಣ್ಣದ ಕಲ್ಲು, ಒಂದು ಪ್ಲಾಸ್ಟಿಕ್ ಗಿಡ. ಮನೆಗೆ ತಂದೆ. ರೂಮ್‌ಮೇಟ್ ಅದರ ಗತ್ತು ನೋಡಿ "ಸಾಹೇಬ್ರು" ಅಂತ ಕರೆಯೋಕೆ ಶುರು ಮಾಡಿದ. ನಾನು ಹೆಸರೇನೂ ಇಟ್ಟಿರಲಿಲ್ಲ.

ಅಂಗಡಿಯವನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಬೆಟ್ಟಾ ಮೀನಿಗೆ ಕಿವಿರಿನ ಜೊತೆಗೆ ತಲೆಯೊಳಗೆ ಇನ್ನೊಂದು ಉಸಿರಾಟದ ಅಂಗ ಇದೆ. ಲ್ಯಾಬಿರಿಂತ್ ಅಂತಾರೆ, ಸುತ್ತುಸುತ್ತಾಗಿ ಮಡಿಚಿಕೊಂಡಿರೋದು. ಅದರಿಂದ ನೇರವಾಗಿ ಗಾಳಿಯನ್ನೇ ಉಸಿರಾಡಬಲ್ಲದು. ಇದರ ಮೂಲ ಥೈಲ್ಯಾಂಡ್ ಕಡೆಯ ಗದ್ದೆ, ಜೌಗು, ನಿಧಾನ ಹರಿಯೋ ಕಾಲುವೆ. ಅಲ್ಲಿನ ಬೆಚ್ಚಗಿನ, ಗಿಡಗಂಟಿ ತುಂಬಿದ ನೀರಿನಲ್ಲಿ ಆಮ್ಲಜನಕ ಕಡಿಮೆ. ಅಂಥ ಕಡೆ ಬದುಕಲು ಕಂಡುಕೊಂಡ ದಾರಿ ಅದು. ಅಲ್ಲಿನವರು ಇದನ್ನು 'ಪ್ಲಾ ಕಟ್' ಅಂತಾರೆ, ಕಚ್ಚೋ ಮೀನು ಅಂತ ಅರ್ಥ. ತಲೆಮಾರುಗಳಿಂದ ಇವನ್ನು ಸಾಕಿ, ಆರಿಸಿ, ಪಂದ್ಯಕ್ಕೆ ಬಿಟ್ಟವರು ಅವರು. 2019ರಲ್ಲಿ ಥೈಲ್ಯಾಂಡ್ ಸರ್ಕಾರ ಇದನ್ನು ರಾಷ್ಟ್ರೀಯ ಜಲಚರ ಅಂತ ಘೋಷಿಸಿತು. ನಮ್ಮಲ್ಲಿ ಅದು ಜ್ಯೂಸ್ ಲೋಟದಲ್ಲಿ ಸಿಗುತ್ತೆ.

ಲೋಟದಲ್ಲಿ ಅದು ಸಾಯಲ್ಲ, ನಿಜ. ಆದರೆ ಸಾಯದೇ ಇರೋದನ್ನೇ ನಾವು ಚೆನ್ನಾಗಿರೋದು ಅಂತ ಓದಿಕೊಂಡುಬಿಟ್ಟಿದ್ದೀವಿ. ಗದ್ದೆಯ ನೀರು ಮೊಳಕಾಲುದ್ದ ಇರಬಹುದು, ಆದರೆ ಆ ಗದ್ದೆ ಎಷ್ಟು ಅಗಲ! ಮಳೆ ಬಂದರೆ ನೀರು ಬದಲಾಗುತ್ತೆ, ಸೊಪ್ಪು, ಹುಳ, ನೆರಳು ಎಲ್ಲ ಇರುತ್ತೆ. ಬರಗಾಲದಲ್ಲಿ ಸಣ್ಣ ಹೊಂಡದಲ್ಲಿ ಜೀವ ಹಿಡಿದುಕೊಳ್ಳೋ ಶಕ್ತಿ ಅದಕ್ಕಿದೆ ಅಂದ ಮಾತ್ರಕ್ಕೆ ಹೊಂಡವೇ ಅದರ ಮನೆ ಅಂತ ಅಲ್ಲ. ಎಂಟಡಿ ಅಗಲದ ಪಿಜಿ ರೂಮಿನಲ್ಲಿ ಮೂರು ಜನ ಮಲಗಿ ನಾನೂ ಎರಡು ವರ್ಷ ಕಳೆದಿದ್ದೀನಿ. ಸಾಯಲಿಲ್ಲ. ನನ್ನ ಪಿಜಿ ಓನರ್ ಕೂಡ ಯಾರಿಗಾದರೂ "ಹುಡುಗ್ರು ಆರಾಮಾಗಿದ್ದಾರೆ" ಅಂತ ಹೇಳಿಕೊಂಡಿರಬಹುದು.

ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದ ಗೆಳೆಯನೊಬ್ಬ ಇದ್ದಾನೆ. ಅವನು ಓದಿದ್ದು ಕೊಳದಲ್ಲಿ ಸಾವಿರಗಟ್ಟಲೆ ಸಾಕೋ ಕಾಟ್ಲಾ, ರೋಹುಗಳ ಕಾಯಿಲೆಯ ಬಗ್ಗೆ. ಒಂದೇ ಒಂದು ಮೀನಿಗೆ ಕಾಯಿಲೆ ಅಂತ ಕೇಳಿದವನು ನಾನೇ ಮೊದಲು ಅಂತೆ. ನಕ್ಕ. ಆಮೇಲೆ ಒಂದೊಂದಾಗಿ ಪ್ರಶ್ನೆ ಕೇಳಿದ. ನೀರಿನ ಉಷ್ಣಾಂಶ ಎಷ್ಟು? ಗೊತ್ತಿಲ್ಲ. ಅಮೋನಿಯಾ? ಗೊತ್ತಿಲ್ಲ. ನೀರು ಹೇಗೆ ಬದಲಾಯಿಸ್ತೀಯ? ಇದಕ್ಕೆ ಮಾತ್ರ ಹೆಮ್ಮೆಯಿಂದ ಉತ್ತರ ಕೊಟ್ಟೆ. ಪ್ರತಿ ಭಾನುವಾರ ಮೀನನ್ನು ಲೋಟಕ್ಕೆ ಹಾಕಿ, ಬೌಲು, ಕಲ್ಲು, ಗಿಡ ಎಲ್ಲವನ್ನೂ ಸೋಪು ಹಾಕಿ ಉಜ್ಜಿ ತೊಳೆದು, ನಲ್ಲಿಯಿಂದ ಹೊಸ ನೀರು ತುಂಬಿಸ್ತೀನಿ. ಫಳಫಳ ಅನ್ನುತ್ತೆ.

"ಅಂದ್ರೆ ಪ್ರತಿ ಭಾನುವಾರ ಅದನ್ನ ಸ್ವಲ್ಪ ಸ್ವಲ್ಪ ಕೊಲ್ತಾ ಬಂದಿದ್ದಿ" ಅಂದ.

ಆಮೇಲೆ ಬಿಡಿಸಿ ಹೇಳಿದ. ಮೀನು ತಾನಿರೋ ನೀರಿಗೇ ಅಮೋನಿಯಾ ಬಿಡುತ್ತೆ, ಹೆಚ್ಚಿನದು ಕಿವಿರಿನ ಮೂಲಕ. ಅದು ವಿಷ. ಕೆರೆಯಲ್ಲಿ, ಹಳೆಯ ಟ್ಯಾಂಕಿನಲ್ಲಿ ಕಲ್ಲಿನ ಮೇಲೆ, ಫಿಲ್ಟರಿನೊಳಗೆ ಬ್ಯಾಕ್ಟೀರಿಯಾಗಳು ಬೆಳೆದಿರ್ತವೆ. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಬಗೆಯವು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಅದು ಅಷ್ಟು ಅಪಾಯ ಅಲ್ಲ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಾಯಿಸಿದರೆ ಹೋಗುತ್ತೆ. ನಾನು ವಾರಕ್ಕೊಮ್ಮೆ ಸೋಪು ಹಾಕಿ ಆ ಬ್ಯಾಕ್ಟೀರಿಯಾಗಳನ್ನು ತೊಳೆದು ಸಿಂಕಿಗೆ ಬಿಡ್ತಿದ್ದೆ. ನಲ್ಲಿ ನೀರಿನ ಕ್ಲೋರಿನ್ ಬೇರೆ. ಅದರ ಮೇಲೆ ಜನವರಿಯ ಚಳಿ. ಇಪ್ಪತ್ತೈದು, ಇಪ್ಪತ್ತಾರು ಡಿಗ್ರಿ ಬೇಕಾದ ಮೀನು ಹತ್ತೊಂಬತ್ತು ಡಿಗ್ರಿಯ ನೀರಲ್ಲಿ ಕೂತಿತ್ತು. ನಾನು ಮಾತ್ರ ಹೂಡಿ ಹಾಕಿಕೊಂಡು, ಬ್ಲ್ಯಾಂಕೆಟ್ ಹೊದ್ದು, ಅದರ ಪಕ್ಕದಲ್ಲೇ ಕೆಲಸ ಮಾಡ್ತಿದ್ದೆ.

ಅಲ್ಲಿಂದ ಶುರುವಾಯ್ತು ಆರೈಕೆ. ಇಪ್ಪತ್ತು ಲೀಟರಿನ ಟ್ಯಾಂಕ್, ಸಣ್ಣ ಹೀಟರ್, ಥರ್ಮಾಮೀಟರ್, ಸ್ಪಂಜ್ ಫಿಲ್ಟರ್, ಕ್ಲೋರಿನ್ ತೆಗೆಯೋ ದ್ರಾವಣ, ಅಮೋನಿಯಾ ಪರೀಕ್ಷೆಯ ಕಿಟ್. ಕಿಟ್ಟಿನಲ್ಲಿ ನೀರು ಹಳದಿಯಾಗೇ ಉಳಿದರೆ ಒಳ್ಳೆಯದು, ಹಸಿರಾದರೆ ಕೆಟ್ಟದು. ಬೌಲಿನ ನೀರು ಎಳೆ ಬಾಳೆಲೆಯ ಬಣ್ಣಕ್ಕೆ ತಿರುಗಿತು. ಹೊಸ ಟ್ಯಾಂಕಿನಲ್ಲೂ ಬ್ಯಾಕ್ಟೀರಿಯಾ ಒಂದೇ ದಿನಕ್ಕೆ ಬೆಳೆಯಲ್ಲ, ಹಾಗಾಗಿ ದಿನಾ ಸ್ವಲ್ಪ ಸ್ವಲ್ಪ ನೀರು ಬದಲಾಯಿಸಬೇಕು. ಬೆಳಿಗ್ಗೆ ಸ್ಟ್ಯಾಂಡಪ್ ಮೀಟಿಂಗಿಗೆ ಮುಂಚೆ ಬಕೆಟ್ಟು, ಮಗ್ಗು, ಪೈಪು ಹಿಡಿದು ಕೂರ್ತಿದ್ದೆ. ಅಮ್ಮನಿಗೆ ಫೋನ್ ಮಾಡೋದು ಮರೆತರೂ ಇದು ಮರೆಯಲಿಲ್ಲ. ನಮ್ಮ ರಸ್ತೆಯಲ್ಲಿ ಕಾಡುಬಾದಾಮಿ ಮರ ಇದೆ, ಆ ತಿಂಗಳಲ್ಲಿ ಎಲೆ ಕೆಂಪಾಗಿ ಉದುರುತ್ತೆ. ಒಣಗಿದ ಎಲೆ ನೀರಿಗೆ ಹಾಕಿದರೆ ಟ್ಯಾನಿನ್ ಬಿಟ್ಟು ನೀರು ಚಹಾದ ಬಣ್ಣ ಆಗುತ್ತೆ, ಈ ಮೀನಿಗೆ ಅದು ಹಿತ ಅಂತ ಸಾಕುವವರು ನಂಬ್ತಾರೆ. ಬೆಳಿಗ್ಗೆ ರಸ್ತೆ ಮೇಲೆ ಬಗ್ಗಿ ಎಲೆ ಆರಿಸೋ ನನ್ನನ್ನು ವಾಚ್‌ಮನ್ ಅನುಮಾನದಿಂದ ನೋಡಿದ. "ಮೀನಿಗೆ" ಅಂದೆ. ಅನುಮಾನ ಹೆಚ್ಚಾಯ್ತು.

ಮನೆ ಕೆಲಸಕ್ಕೆ ಬರೋ ಅಕ್ಕ ಟ್ಯಾಂಕಿನ ಮುಂದೆ ನಿಂತು ಕೇಳಿದರು: "ಇದೇನು ಕೆಂಪು ಲೈಟು?"

"ಹೀಟರ್. ನೀರು ಬೆಚ್ಚಗಿಡೋಕೆ."

"ಮೀನಿಗೆ ಬಿಸಿನೀರಾ?" ಅಂತ ಜೋರಾಗಿ ನಕ್ಕರು. "ನಮ್ಮನೇಲಿ ಇನ್ನೂ ಗೀಸರ್ ಹಾಕ್ಸಿಲ್ಲ ಕಣಪ್ಪ."

ಅವರು ಚುಚ್ಚೋಕೆ ಹೇಳಿದ್ದಲ್ಲ, ತಮಾಷೆಗೇ ಹೇಳಿದ್ದು. ಆದರೆ ನನಗೆ ಚುಚ್ಚಿತು. ಆ ಎರಡು ವಾರದಲ್ಲಿ ಮೀನಿಗೆ ಖರ್ಚಾಗಿದ್ದು ಸುಮಾರು ನಾಲ್ಕು ಸಾವಿರ. ಅವರು ನಮ್ಮ ಮನೆಯ ನೆಲ ಒರೆಸಿ, ಪಾತ್ರೆ ತೊಳೆದು ತಿಂಗಳಿಗೆ ತಗೊಳ್ಳೋದು ಅದಕ್ಕಿಂತ ಕಡಿಮೆ. ನನಗೆ ನಾನೇ ಒಂದು ಸಮಾಧಾನ ಹೇಳಿಕೊಂಡೆ: ಈ ನಾಲ್ಕು ಸಾವಿರ ಮೀನಿಗೆ ಹೋಗದಿದ್ದರೆ ಅಕ್ಕನ ಗೀಸರಿಗೇನೂ ಹೋಗ್ತಿರಲಿಲ್ಲ, ಯಾವುದೋ ಶುಕ್ರವಾರದ ಊಟಕ್ಕೆ ಹೋಗ್ತಿತ್ತು. ಆ ಊಟದ ಬಿಲ್ ನೋಡಿ ಯಾರೂ ನನ್ನ ನೈತಿಕತೆಯನ್ನು ಪ್ರಶ್ನಿಸ್ತಿರಲಿಲ್ಲ. ಹಾಗಿದ್ದಾಗ ಮೀನನ್ನು ಮಾತ್ರ ಯಾಕೆ ಕಟಕಟೆಗೆ ನಿಲ್ಲಿಸಬೇಕು? ಈ ವಾದ ಸರಿಯಾಗೇ ಇದೆ. ಆದರೆ ಇದು ಮೀನನ್ನು ಬಿಡುಗಡೆ ಮಾಡುತ್ತೆ, ನನ್ನನ್ನಲ್ಲ. ಮೀನಿಗೆ ದಯೆ ತೋರಿಸೋದು ಸುಲಭ ಯಾಕೆ ಅಂದ್ರೆ ಮೀನು ಸಂಬಳ ಜಾಸ್ತಿ ಮಾಡಿ ಅಂತ ಕೇಳಲ್ಲ. ರಜೆ ಕೇಳಲ್ಲ. ಎಷ್ಟು ಕೊಟ್ಟರೂ ಸಾಲದು ಅನ್ನೋ ಮುಖ ಮಾಡಲ್ಲ. ಎಷ್ಟು ಬೇಕೋ ಅಷ್ಟು ಕರುಣೆ ಸುರಿದು, ಲೈಟ್ ಆರಿಸಿ ಮಲಗಬಹುದು. ಆ ತಿಂಗಳು ಅಕ್ಕನ ಸಂಬಳ ಹೆಚ್ಚಿಸಿದೆ ಅಂತ ಬರೆದರೆ ಈ ಬರಹ ಚೆನ್ನಾಗಿ ಕಾಣುತ್ತೆ. ಹೆಚ್ಚಿಸಿದ್ದು ನಿಜ, ಆದರೆ ಅವರಾಗಿ ಕೇಳಿದ ಮೇಲೆ.

ಇನ್ನೊಂದು ಚುಚ್ಚು ಊರಿಂದ ಬಂತು. ನಮ್ಮದು ಕುಂದಾಪುರದ ಕಡೆ. ಮೀನು ಇಲ್ಲದ ದಿನ ನಮ್ಮ ಮನೆಯಲ್ಲಿ ಊಟಕ್ಕೆ ಕೂತವರ ಮುಖ ನೋಡೋಕಾಗಲ್ಲ. ಅಮ್ಮನಿಗೆ ಫೋನ್ ಮಾಡಿದಾಗ ಸಾಹೇಬರ ಕತೆ ಹೇಳಿದೆ. ಆ ಕಡೆಯಿಂದ ನೀರಿನ ಸದ್ದು ಬರ್ತಿತ್ತು.

"ಎಂತ? ಮೀನಿಗೆ ಮದ್ದಾ? ನಿಂಗೆ ಮರುಳಾ ಮಾರಾಯ? ನಾನಿಲ್ಲಿ ಬಂಗುಡೆ ತೊಳೀತಾ ಇದ್ದೆ!"

ಇಬ್ಬರೂ ನಕ್ಕೆವು. ಆದರೆ ಅಮ್ಮನ ಪ್ರಶ್ನೆಗೆ ಉತ್ತರ ಕೊಡೋದು ಅಷ್ಟು ಸುಲಭ ಅಲ್ಲ. ಬಂಗುಡೆಯೂ ಮೀನೇ, ಬೆಟ್ಟಾವೂ ಮೀನೇ. ಒಂದನ್ನು ಮಸಾಲೆ ಹಚ್ಚಿ ಕಾವಲಿಗೆ ಹಾಕ್ತೀನಿ, ಇನ್ನೊಂದಕ್ಕೆ ರಾತ್ರಿ ಎರಡು ಗಂಟೆಗೆ ಎದ್ದು ಟಾರ್ಚ್ ಬಿಟ್ಟು ಉಸಿರಾಡ್ತಿದೆಯಾ ಅಂತ ನೋಡ್ತೀನಿ. ಬೆಟ್ಟಾಗೆ ಬುದ್ಧಿ ಹೆಚ್ಚು, ನೋವು ಹೆಚ್ಚು ಅಂತೇನೂ ಇಲ್ಲ. ಬಣ್ಣ ಮಾತ್ರ ಹೆಚ್ಚು. ಬಣ್ಣ ನೋಡಿ ದಯೆ ಹಂಚೋದು ಎಂಥ ನ್ಯಾಯ?

ನೋವಿನ ಬಗ್ಗೆ ಓದಿದೆ. ಮೀನಿಗೆ ನೋವಾಗುತ್ತಾ ಅನ್ನೋದು ವಿಜ್ಞಾನಿಗಳ ನಡುವೆ ಇನ್ನೂ ಜಗಳದ ವಿಷಯ. ಲಿನ್ ಸ್ನೆಡನ್ ಮತ್ತು ಸಂಗಡಿಗರು 2003ರಲ್ಲಿ ಟ್ರೌಟ್ ಮೀನಿನ ತಲೆಯ ಭಾಗದಲ್ಲಿ ಗಾಯ, ಬಿಸಿ, ಆಮ್ಲಗಳಿಗೆ ಸ್ಪಂದಿಸೋ ನರತುದಿಗಳಿವೆ ಅಂತ ತೋರಿಸಿದರು. ತುಟಿಗೆ ಆಮ್ಲ ಚುಚ್ಚಿದ ಮೀನುಗಳು ಊಟ ಬಿಟ್ಟವು, ಜೋರಾಗಿ ಉಸಿರಾಡಿದವು, ತುಟಿಯನ್ನು ತಳದ ಕಲ್ಲಿಗೆ ಉಜ್ಜಿಕೊಂಡವು. ಮಾರ್ಫಿನ್ ಕೊಟ್ಟಾಗ ಆ ವರ್ತನೆ ಕಡಿಮೆಯಾಯ್ತು. ಇನ್ನೊಂದು ಕಡೆ ಬ್ರಯನ್ ಕೀ ಅನ್ನೋ ವಿಜ್ಞಾನಿ 2016ರಲ್ಲಿ ವಾದಿಸಿದ್ದು: ನಮಗೆ ನೋವಿನ ಅನುಭವ ಆಗೋಕೆ ಬೇಕಾದ ಮಿದುಳಿನ ಹೊರಪದರವೇ ಮೀನಿಗಿಲ್ಲ, ಹಾಗಾಗಿ ಅದು ಬರೀ ಪ್ರತಿಕ್ರಿಯೆ, ಅನುಭವ ಅಲ್ಲ. ಇಬ್ಬರಲ್ಲಿ ಯಾರು ಸರಿ ಅಂತ ತೀರ್ಪು ಕೊಡೋಕೆ ನಾನ್ಯಾರು? ಆದರೆ ತೀರ್ಪು ಬರೋವರೆಗೆ ನಾನು ಹೇಗೆ ನಡೆದುಕೊಳ್ಳಬೇಕು ಅನ್ನೋದು ನನ್ನದೇ ಪ್ರಶ್ನೆ. ನೋವಾಗುತ್ತೆ ಅಂದುಕೊಂಡು ನಡೆದು, ಕೊನೆಗೆ ಆಗಲ್ಲ ಅಂತ ಗೊತ್ತಾದರೆ ನಾನು ಕಳೆದುಕೊಳ್ಳೋದು ಒಂದಷ್ಟು ದುಡ್ಡು, ಒಂದಷ್ಟು ನಿದ್ದೆ. ಆಗಲ್ಲ ಅಂದುಕೊಂಡು ನಡೆದು, ಕೊನೆಗೆ ಆಗುತ್ತೆ ಅಂತ ಗೊತ್ತಾದರೆ? ನಮ್ಮ ಕಾನೂನು ಈ ಜಗಳಕ್ಕೆ ಕಾದು ಕೂತಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಪ್ರಾಣಿ ಅಂದರೆ ಮನುಷ್ಯನನ್ನು ಬಿಟ್ಟು ಉಳಿದ ಯಾವುದೇ ಜೀವಿ. ಅದರಲ್ಲಿ ಮೀನೂ ಬಂತು.

ಸರಿ, ಆದರೆ ಈ ವಾದ ಬಂಗುಡೆಗೂ ಅನ್ವಯಿಸುತ್ತಲ್ಲ!

ನಾನು ಕಂಡುಕೊಂಡ ಉತ್ತರ ಇಷ್ಟು. ಸಮುದ್ರದ ಬಂಗುಡೆ ನನ್ನನ್ನು ಯಾವತ್ತೂ ಅವಲಂಬಿಸಿರಲಿಲ್ಲ. ಅದರ ಊಟ, ನೀರು, ಓಡಾಟ ಎಲ್ಲ ಅದರದ್ದೇ. ಸಾಹೇಬರನ್ನು ಮಾತ್ರ ನಾನು ದುಡ್ಡು ಕೊಟ್ಟು ತಂದು, ತನ್ನಷ್ಟಕ್ಕೆ ಏನನ್ನೂ ಮಾಡಿಕೊಳ್ಳಲಾಗದ ಜಾಗದಲ್ಲಿ ಇಟ್ಟೆ. ಚಳಿಯಾದರೆ ಬಿಸಿಲಿಗೆ ಹೋಗೋಕಾಗಲ್ಲ, ನೀರು ಕೆಟ್ಟರೆ ಈಜಿ ದೂರ ಹೋಗೋಕಾಗಲ್ಲ. ಅದರ ಗದ್ದೆ, ಮಳೆ, ಸೂರ್ಯ ಎಲ್ಲವೂ ನಾನೇ. ಒಂದು ಜೀವದ ಎಲ್ಲ ದಾರಿಗಳನ್ನು ಮುಚ್ಚಿದವನು ಆ ದಾರಿಗಳ ಕೆಲಸವನ್ನು ತಾನೇ ಮಾಡಬೇಕು. ಇದು ದಯೆಯೇ ಅಲ್ಲ, ಸಾಲ. "ಹೊಸದು ತಗೊಳ್ಳಿ" ಅನ್ನೋ ಮಾತು ನನಗೆ ಕಿರಿಕಿರಿ ಮಾಡಿದ್ದು ಅದಕ್ಕೇ ಇರಬೇಕು. ಹೊಸ ಮೀನು ತಂದರೆ ನನ್ನ ಮೇಜಿನ ಖಾಲಿ ಜಾಗ ತುಂಬುತ್ತೆ, ಹಳೇ ಮೀನಿಗೆ ನಾನು ಕೊಡಬೇಕಾದ್ದು ಕೊಟ್ಟ ಹಾಗೆ ಆಗಲ್ಲ. ಆಫೀಸಿನಲ್ಲಿ ಯಾರಾದರೂ ಕಾಯಿಲೆ ಬಿದ್ದು ತಿಂಗಳುಗಟ್ಟಲೆ ಬರದಿದ್ದಾಗ "ರಿಪ್ಲೇಸ್‌ಮೆಂಟ್ ಯಾವಾಗ ಬರುತ್ತೆ?" ಅಂತ ನಾನೇ ಕೇಳಿದ್ದೀನಿ. ಆ ಪ್ರಶ್ನೆಯಲ್ಲೂ ಲೆಕ್ಕ ಸರಿಯಾಗೇ ಇತ್ತು.

ಈ ಉತ್ತರದಲ್ಲಿ ಒಂದು ತೂತು ಇದೆ, ಗೊತ್ತಿದೆ. ಇದು ನನಗೆ ಬಂಗುಡೆ ತಿನ್ನೋಕೆ ಅನುಕೂಲ ಮಾಡಿಕೊಡುತ್ತೆ. ನಮಗೆ ಅನುಕೂಲವಾದ ತತ್ವ ಸಿಕ್ಕಾಗ ಸ್ವಲ್ಪ ಅನುಮಾನ ಇಟ್ಟುಕೊಳ್ಳೋದು ಒಳ್ಳೆಯದು. ಸಾಲ ಇಲ್ಲ ಅಂದ ಮಾತ್ರಕ್ಕೆ ಏನು ಬೇಕಾದರೂ ಮಾಡಬಹುದು ಅಂತಲೂ ಅಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯೋ ಹಾಗಿಲ್ಲ. ಹಲವು ಮೀನುಗಳು ಮೊಟ್ಟೆ ಇಡೋ ಕಾಲ ಅದು. ದಡದಲ್ಲಿ ಸಾಲಾಗಿ ನಿಂತ ಬೋಟುಗಳನ್ನು ನೋಡ್ತಾ ಬೆಳೆದವನು ನಾನು. ಅದೂ ಒಂದು ಬಗೆಯ ಹೊಣೆಯೇ, ಆದರೆ ಅದು ಒಂದು ಮೀನಿಗಲ್ಲ, ಮೀನಿನ ಕುಲಕ್ಕೆ. ಕುಲ ಉಳಿಯಲಿ ಅನ್ನೋ ಕಾಳಜಿಗೂ ಈ ಒಂದು ನರಳದಿರಲಿ ಅನ್ನೋ ಕಾಳಜಿಗೂ ವ್ಯತ್ಯಾಸ ಇದೆ. ನನಗೆ ಮೊದಲನೆಯದು ಊರು ಕಲಿಸಿತ್ತು. ಎರಡನೆಯದನ್ನು ಈ ಇನ್ನೂರು ರೂಪಾಯಿಯ ಮೀನು ಕಲಿಸೋಕೆ ಬಂತು. ಬಂಗುಡೆ ಬಿಟ್ಟೆ ಅಂತ ಹೇಳಲಾರೆ. ಆದರೆ ಬುಟ್ಟಿಯಲ್ಲಿ ಇನ್ನೂ ಬಾಯಿ ಆಡಿಸೋ ಮೀನನ್ನು ಮೊದಲಿನ ಹಾಗೆ "ಫ್ರೆಶ್ ಇದೆ" ಅಂತ ಖುಷಿಯಿಂದ ನೋಡೋಕೆ ಈಗ ಆಗ್ತಿಲ್ಲ.

ಹತ್ತು ದಿನದಲ್ಲಿ ಸಾಹೇಬ್ರು ಚೇತರಿಸಿಕೊಂಡರು. ಹರಿದ ಬಾಲದ ಅಂಚಿನಲ್ಲಿ ಗಾಜಿನ ಹಾಗೆ ಪಾರದರ್ಶಕವಾದ ಹೊಸ ಪೊರೆ ಬಂತು. ಮುಂಜಾನೆ ಬಕೆಟ್ ಸದ್ದಾದರೆ ಮುಂದೆ ಬಂದು ನಿಲ್ಲೋರು. ನಾನು ಗೆಳೆಯನಿಗೆ ಫೋಟೋ ಕಳಿಸಿದೆ. ಹದಿನೈದನೇ ದಿನ ಹೊಟ್ಟೆ ಊದಿದ ಹಾಗೆ ಕಂಡಿತು. ಎರಡು ದಿನ ಬಿಟ್ಟು ಮೇಲಿಂದ ನೋಡಿದರೆ ಹುರುಪೆಗಳೆಲ್ಲ ನಿಮಿರಿ ನಿಂತಿದ್ದವು, ನಮ್ಮೂರ ಕಡಲತೀರದ ಗಾಳಿಮರದ ಕಾಯಿಯ ಹಾಗೆ. ಈ ಸಲ ಗೆಳೆಯ ನಗಲಿಲ್ಲ. ಇದನ್ನು ಡ್ರಾಪ್ಸಿ ಅಂತಾರೆ. ಇದು ಒಂದು ಕಾಯಿಲೆಯ ಹೆಸರಲ್ಲ, ಒಳಗೆ ಮೂತ್ರಪಿಂಡ ಕೆಲಸ ನಿಲ್ಲಿಸಿ ದೇಹದಲ್ಲಿ ನೀರು ತುಂಬಿಕೊಳ್ತಿದೆ ಅನ್ನೋದರ ಗುರುತು. ಹುರುಪೆ ಎದ್ದು ನಿಂತ ಮೇಲೆ ವಾಪಸ್ ಬರೋದು ಅಪರೂಪ ಅಂದ. ಎಪ್ಸಮ್ ಸಾಲ್ಟ್ ಬೆರೆಸಿದ ನೀರಲ್ಲಿ ಇಡು, ಊತ ಸ್ವಲ್ಪ ಇಳಿದರೂ ಇಳಿಯಬಹುದು ಅಂದ. ಆಂಟಿಬಯಾಟಿಕ್ ಹಾಕಲಾ ಅಂತ ಕೇಳಿದೆ. "ಹಾಕಬಹುದು. ಆದರೆ ಆ ನೀರನ್ನು ಸಿಂಕಿಗೆ ಚೆಲ್ತೀಯಲ್ಲ, ಅದು ಎಲ್ಲಿಗೆ ಹೋಗುತ್ತೆ ಯೋಚನೆ ಮಾಡು" ಅಂದ. ಸಾಯ್ತಿರೋ ಒಂದು ಮೀನಿಗಾಗಿ ಔಷಧಿಗೆ ಬಗ್ಗದ ರೋಗಾಣುಗಳನ್ನು ಚರಂಡಿಯಲ್ಲಿ, ಕೆರೆಯಲ್ಲಿ ಬೆಳೆಸೋದಾ? ಅದನ್ನು ಬಿಟ್ಟೆ. ಸರಿ ಮಾಡಿದೆನಾ? ಮಾಡಿದೆ ಅಂದುಕೊಂಡಿದ್ದೀನಿ.

ಮತ್ತೆ ಮೂರು ದಿನಕ್ಕೆ ಮೇಲೆ ಬಂದು ಗಾಳಿ ಎಳೆದುಕೊಳ್ಳೋಕೂ ಆಗದ ಸ್ಥಿತಿ. ಟ್ಯಾಂಕಿನ ನೀರನ್ನು ನಾಲ್ಕು ಬೆರಳಿಗೆ ಇಳಿಸಿದೆ, ಹತ್ತಿರ ಆಗಲಿ ಅಂತ. ಗೆಳೆಯ ಹೇಳಿದ: "ಲವಂಗದ ಎಣ್ಣೆ ತಂದಿಟ್ಟುಕೋ."

ಲವಂಗದ ಎಣ್ಣೆಯಲ್ಲಿರೋ ಯೂಜೆನಾಲ್ ಮೀನಿಗೆ ಅರಿವಳಿಕೆ. ಸ್ವಲ್ಪ ಬೆರೆಸಿದರೆ ನಿದ್ದೆ, ಆಮೇಲೆ ಹೆಚ್ಚು ಬೆರೆಸಿದರೆ ಆ ನಿದ್ದೆಯಲ್ಲೇ ಉಸಿರು ನಿಲ್ಲುತ್ತೆ. ನೀರಿಲ್ಲದೆ ಒದ್ದಾಡಿಸೋದಕ್ಕಿಂತ, ಕಮೋಡಿಗೆ ಹಾಕಿ ಫ್ಲಶ್ ಮಾಡೋದಕ್ಕಿಂತ ಎಷ್ಟೋ ಮೇಲು. ಗ್ರಂಥಿಗೆ ಅಂಗಡಿಗೆ ಹೋಗಿ ಸಣ್ಣ ಬಾಟಲಿ ತಂದೆ. ಅಂಗಡಿಯಾತ "ಹಲ್ಲು ನೋವಾ?" ಅಂತ ಕೇಳಿದರು. ಹೂಂ ಅಂದೆ.

ಆ ಬಾಟಲಿ ಮೂರು ದಿನ ಅಡುಗೆ ಮನೆಯ ಶೆಲ್ಫಿನ ಮೇಲೆ ಹಾಗೇ ಇತ್ತು.

ಪ್ರತಿ ದಿನ ನಾಳೆ ನೋಡೋಣ ಅಂದುಕೊಂಡೆ. ಕೊಲ್ಲೋ ಹಕ್ಕು ನನಗಿದೆಯಾ ಅಂತ ಕೇಳಿಕೊಂಡೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಸಲ್ಲೇಖನ ವ್ರತದಿಂದ ದೇಹ ಬಿಟ್ಟವರ ಶಾಸನಗಳಿವೆ, ಸಾವಿರ ವರ್ಷಕ್ಕೂ ಹಳೆಯವು. 2015ರಲ್ಲಿ ರಾಜಸ್ಥಾನದ ಹೈಕೋರ್ಟ್ ಈ ಆಚರಣೆಯನ್ನು ಅಪರಾಧ ಅಂದಾಗ ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ವಾಸಿಯಾಗದ ಸ್ಥಿತಿಯಲ್ಲಿ ತನಗೆ ಜೀವ ಎಳೆಯೋ ಯಂತ್ರ ಬೇಡ ಅಂತ ಮೊದಲೇ ಬರೆದಿಡೋಕೆ 2018ರಲ್ಲಿ ಅದೇ ಕೋರ್ಟ್ ಒಪ್ಪಿತು. ಈ ಎರಡರಲ್ಲೂ ವಾದ ಏನೇ ಇರಲಿ, ನಡುವೆ ಇರೋದು ಒಬ್ಬ ವ್ಯಕ್ತಿಯ ಸ್ವಂತ ಮಾತು. ಸಾಹೇಬರ ಮಾತು ನನಗೆ ಸಿಗೋ ಹಾಗಿರಲಿಲ್ಲ. ಎರಡನೇ ದಿನ ಬೆಳಿಗ್ಗೆ ನಾನು ಬೆರಳು ತೋರಿಸಿದಾಗ ಒದ್ದಾಡಿಕೊಂಡು ಬೆರಳಿನ ಹತ್ತಿರ ಬಂದರು. ಬದುಕೋ ಆಸೆ ಇದೆ ಅಂದುಕೊಂಡೆ. ಬಾಟಲಿ ಮುಟ್ಟಲಿಲ್ಲ.

ಆ ರಾತ್ರಿ ಮಲಗಿದಾಗ ಬೇರೆಯೇ ಕಂಡಿತು. ಬೆರಳು ಕಂಡರೆ ಊಟ ಅಂತ ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿದವನು ನಾನೇ. ಅದನ್ನು ನನಗೆ ಬೇಕಾದ ಹಾಗೆ ಓದಿಕೊಂಡೆ. ಕಾಯೋದು ಮೀನಿಗಾಗಿ ಅಂತ ಹೇಳಿಕೊಳ್ತಿದ್ದೆ, ನಿಜದಲ್ಲಿ ಬೆಳಿಗ್ಗೆ ಎದ್ದಾಗ ತಾನಾಗೇ ಹೋಗಿರಲಿ, ನನ್ನ ಕೈ ತಾಗದಿರಲಿ ಅಂತ ಕಾಯ್ತಿದ್ದೆ. ಏನೂ ಮಾಡದೆ ಇದ್ದರೆ ಪಾಪ ಬರಲ್ಲ ಅನ್ನೋ ನಂಬಿಕೆ ನಮ್ಮೊಳಗೆ ಗಟ್ಟಿಯಾಗಿ ಕೂತಿದೆ. ಆದರೆ ಅದರ ಚಳಿ, ಊಟ, ನೀರು ಎಲ್ಲ ನನ್ನ ಹೊಣೆ ಅಂತ ಒಪ್ಪಿಕೊಂಡ ಮೇಲೆ ಅದರ ಕೊನೆ ಮಾತ್ರ ನನ್ನದಲ್ಲ ಅನ್ನೋದು ಹೇಗೆ?

ಭಾನುವಾರ ಬೆಳಿಗ್ಗೆ ಮಾಡಿದೆ. ರೂಮ್‌ಮೇಟ್ ಪಕ್ಕದಲ್ಲಿ ನಿಂತಿದ್ದ. ಟ್ಯಾಂಕಿನದೇ ನೀರು, ಅದೇ ಬೆಚ್ಚಗಿನ ನೀರು, ಒಂದು ಡಬ್ಬಿಯಲ್ಲಿ. ಬೇರೆ ಬಾಟಲಿಯಲ್ಲಿ ಎಣ್ಣೆ ಹಾಕಿ, ನೀರು ಹಾಲಿನ ಬಣ್ಣ ಆಗೋವರೆಗೆ ಕುಲುಕಿ, ನಿಧಾನಕ್ಕೆ ಸುರಿದೆ. ಮನೆಯೆಲ್ಲ ಲವಂಗದ ವಾಸನೆ, ಹಬ್ಬದ ದಿನದ ಪಲಾವ್ ಹಾಗೆ. ಒಂದೆರಡು ನಿಮಿಷದಲ್ಲಿ ಮಲಗಿತು. ಇನ್ನೂ ಸ್ವಲ್ಪ ಸುರಿದೆ. ಕಿವಿರು ನಿಂತ ಮೇಲೂ ಗೆಳೆಯ ಹೇಳಿದ ಹಾಗೆ ಬಹಳ ಹೊತ್ತು ಹಾಗೇ ಬಿಟ್ಟೆ. ಒದ್ದಾಡಲಿಲ್ಲ. ನನಗೆ ಕಂಡಷ್ಟು ಮಟ್ಟಿಗೆ. ಬಾಲ್ಕನಿಯ ದಾಸವಾಳದ ಕುಂಡದಲ್ಲಿ ಮಣ್ಣು ಮಾಡಿದೆವು. ರೂಮ್‌ಮೇಟ್ ಏನಾದರೂ ಹೇಳಬೇಕು ಅಂತ "ಸಾಹೇಬ್ರೇ, ಸಾರಿ" ಅಂದ. ಅದು ನಾನು ಹೇಳಬೇಕಾದ ಮಾತು.

ಒಂದು ದಿನ ಮೊದಲೇ ಮಾಡಬೇಕಿತ್ತಾ, ಒಂದು ದಿನ ಕಾದಿದ್ದರೆ ಏನಾದರೂ ಆಗ್ತಿತ್ತಾ ಅಂತ ಈಗಲೂ ಅನ್ನಿಸುತ್ತೆ. ಈ ಅನುಮಾನ ಹೋಗಲ್ಲ. ಹೋಗಬಾರದು ಅಂತ ಈಗ ಅನ್ನಿಸ್ತಿದೆ. ಬೇರೊಂದು ಜೀವದ ಕೊನೆಯನ್ನು ತೀರ್ಮಾನಿಸಿದವನು ಪೂರ್ತಿ ನಿಶ್ಚಿಂತೆಯಿಂದ ಇದ್ದರೆ ಅವನಿಗೆ ಮುಂದಿನ ಸಲ ಅದು ಇನ್ನೂ ಸುಲಭ ಆಗುತ್ತೆ.

ಟ್ಯಾಂಕ್ ಹಾಗೇ ಇದೆ. ಮಾರಲಿಲ್ಲ. ಚೆನ್ನಾಗಿ ತೊಳೆದು, ಸೋಪು ಹಾಕದೆ, ಹೊಸ ನೀರು ತುಂಬಿಸಿ, ಫಿಲ್ಟರ್ ಹಾಕಿದ್ದೀನಿ. ಜೀವ ಇರೋ ಗಿಡ ನೆಟ್ಟಿದ್ದೀನಿ. ಎರಡು ದಿನಕ್ಕೊಮ್ಮೆ ನಾಲ್ಕು ಕಾಳು ಮೀನಿನ ಆಹಾರ ಹಾಕ್ತೀನಿ. ತಿನ್ನೋಕೆ ಯಾರೂ ಇಲ್ಲ. ಅದು ಕೊಳೆತು ಅಮೋನಿಯಾ ಆಗುತ್ತೆ, ಅದನ್ನು ತಿಂದು ಬ್ಯಾಕ್ಟೀರಿಯಾ ಬೆಳೆಯುತ್ತೆ. ಕಿಟ್ಟಿನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಅಂತ ತೋರಿಸೋಕೆ ಒಂದೂವರೆ ತಿಂಗಳಾದರೂ ಬೇಕು. ಜೀವ ತರೋ ಮುಂಚೆ ಮಾಡಬೇಕಾದ ಕೆಲಸ ಇದು, ನಾನು ಆಗ ಮಾಡದೇ ಇದ್ದದ್ದು.

ಮೊನ್ನೆ ವಿಡಿಯೋ ಕಾಲ್‌ನಲ್ಲಿ ನನ್ನ ಹಿಂದೆ ಟ್ಯಾಂಕ್ ಕಂಡು ಟೀಮಿನ ಹುಡುಗಿಯೊಬ್ಬಳು ಕೇಳಿದಳು: "ಲೈಟು, ಫಿಲ್ಟರ್ ಎಲ್ಲ ಓಡ್ತಿದೆ, ಮೀನೇ ಇಲ್ವಲ್ಲ?"

"ನೀರು ರೆಡಿಯಾಗ್ತಿದೆ" ಅಂದೆ.